ದುಬಾರಿ ವಿಆರ್ ಹೆಡ್‌ಸೆಟ್ ಮನೆಗೆ ಹೊಂದುತ್ತದೆಯೇ: ತುಮಕೂರಿನ ಮನೆಗಳಿಗಾಗಿ ಒಂದು ಪರೀಕ್ಷಾ ಕ್ರಮ

ಡಬ್ಬಿಯ ಮೇಲಿನ ಅಂಕಿಗಳಲ್ಲಿ ನಿಮ್ಮ ಮೂಗಿನ ಅಗಲ ಇರುವುದಿಲ್ಲ, ನಿಮ್ಮ ನಡುಮನೆಯ ಫ್ಯಾನಿನ ಎತ್ತರವೂ ಇರುವುದಿಲ್ಲ. ಕಣ್ಣಿನ ಮುಂದೆ ಪರದೆ ಕಟ್ಟಿ ಬೇರೆಯದೇ ಲೋಕದೊಳಗಿದ್ದಂತೆ ತೋರಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಆಸೆಪಟ್ಟು ತಂದ ಎರಡೇ ತಿಂಗಳಲ್ಲಿ ಬೀರು ಹತ್ತುವುದು ಚಿತ್ರ ಕೆಟ್ಟದ್ದೆಂದು ಅಲ್ಲ. ಹಣೆ ನೋಯುತ್ತದೆ, ಕನ್ನಡಕ ಒತ್ತುತ್ತದೆ, ಆಡಲು ಜಾಗ ಸಾಲುವುದಿಲ್ಲ, ಇಲ್ಲವೇ ವಾಕರಿಕೆ ಬರುತ್ತದೆ. ಇವೆಲ್ಲವನ್ನೂ ಮೊದಲ ವಾರದಲ್ಲೇ ಕಂಡುಹಿಡಿಯಬಹುದು.

ತುಮಕೂರಿನ ಬಿ.ಎಚ್. ರಸ್ತೆಯಲ್ಲಾಗಲಿ ಎಂ.ಜಿ. ರಸ್ತೆಯಲ್ಲಾಗಲಿ ಇಂಥ ಸಾಮಾನನ್ನು ತಲೆಗೆ ಹಾಕಿ ನೋಡಿ ಕೊಳ್ಳುವ ಅವಕಾಶ ಅಪರೂಪ. 70 ಕಿ.ಮೀ. ದಾಟಿ ಬೆಂಗಳೂರಿಗೆ ಹೋದರೂ ಸಿಗುವುದು ಐದು ನಿಮಿಷದ ಡೆಮೊ, ಮತ್ತು ಐದು ನಿಮಿಷಕ್ಕೆ ಎಲ್ಲ ಹೆಡ್‌ಸೆಟ್‌ಗಳೂ ಅದ್ಭುತವೇ. ಹಾಗಾಗಿ ನಿಜವಾದ ಪರೀಕ್ಷೆ ಮನೆಯಲ್ಲೇ, ವಾಪಸು ಕೊಡುವ ಗಡುವಿನೊಳಗೇ ಆಗಬೇಕು. ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ: ಮಿಲಿಮೀಟರ್ ಗುರುತಿರುವ ಸ್ಕೇಲು, ಉದ್ದಳತೆಯ ಟೇಪು, ಒಣ ಮೈಕ್ರೋಫೈಬರ್ ಬಟ್ಟೆ, ನೆಲಕ್ಕೆ ಅಂಟಿಸಲು ಕಾಗದದ ಟೇಪು, ಒಂದು ನೋಟ್‌ಬುಕ್ಕು.

ಕೊಳ್ಳುವ ಮುನ್ನ: ಯಾವ ಬಗೆಯದು, ಜೊತೆಗೆ ಏನೇನು ಖರ್ಚು

ಮೆಟಾ ಕ್ವೆಸ್ಟ್ 3ರಂಥವು ತಮ್ಮೊಳಗೇ ಪ್ರೊಸೆಸರ್, ಬ್ಯಾಟರಿ ಇಟ್ಟುಕೊಂಡಿರುತ್ತವೆ. ಬೇಕೆನಿಸಿದಾಗ ಪಿಸಿಗೂ ಜೋಡಿಸಬಹುದು. ಆಪಲ್ ವಿಷನ್ ಪ್ರೊ ಕೂಡ ತಾನೇ ಸ್ವತಂತ್ರವಾಗಿ ನಡೆಯುವಂಥದು, ಆದರೆ ಬ್ಯಾಟರಿ ತಂತಿಯ ತುದಿಯಲ್ಲಿ, ಜೇಬಿನಲ್ಲಿ. ಪೈಮ್ಯಾಕ್ಸ್ ಕ್ರಿಸ್ಟಲ್ ಲೈಟ್, ಬಿಗ್‌ಸ್ಕ್ರೀನ್ ಬಿಯಾಂಡ್, ಹಳೆಯ ವಾಲ್ವ್ ಇಂಡೆಕ್ಸ್ ಇವು ಬಲವಾದ ಪಿಸಿ ಇಲ್ಲದೆ ಉಪಯೋಗಕ್ಕಿಲ್ಲ. ಪ್ಲೇಸ್ಟೇಷನ್ ವಿಆರ್2 (ಪಿಎಸ್ ವಿಆರ್2) ಸೋನಿಯ ಆಟದ ಯಂತ್ರ ಪಿಎಸ್5ಕ್ಕಾಗಿಯೇ ಮಾಡಿದ್ದು. 2024ರ ಆಗಸ್ಟ್‌ನಿಂದ ಸೋನಿಯ ಅಡಾಪ್ಟರ್ ಹಾಕಿ ಪಿಸಿಗೂ ಜೋಡಿಸಬಹುದು, ಆದರೆ ಅಲ್ಲಿ ಎಚ್‌ಡಿಆರ್ (ಬೆಳಕು-ಕತ್ತಲೆಯ ಹೆಚ್ಚಿನ ವ್ಯಾಪ್ತಿ), ಕಣ್ಣಿನ ಚಲನೆ ಗುರುತಿಸುವ ಟ್ರ್ಯಾಕಿಂಗ್, ಹೆಡ್‌ಸೆಟ್‌ನ ಕಂಪನ ಸಿಗುವುದಿಲ್ಲ.

ಬೆಲೆ ಲೆಕ್ಕ ಹಾಕುವಾಗ ಹೆಡ್‌ಸೆಟ್‌ನ ಬೆಲೆಯಷ್ಟನ್ನೇ ನೋಡಿ ಮೋಸಹೋಗಬೇಡಿ. ಇಂಡೆಕ್ಸ್ ಮತ್ತು ಬಿಯಾಂಡ್‌ಗೆ ಕೋಣೆಯ ಎದುರುಬದುರು ಮೂಲೆಗಳಲ್ಲಿ ತಲೆಗಿಂತ ಎತ್ತರಕ್ಕೆ ಕೂರಿಸುವ, ಹೆಡ್‌ಸೆಟ್ ಎಲ್ಲಿದೆಯೆಂದು ಗುರುತಿಸಲು ನೆರವಾಗುವ ಬೇಸ್ ಸ್ಟೇಷನ್‌ಗಳು ಬೇಕು. ಬಿಯಾಂಡ್‌ನ ಡಬ್ಬಿಯಲ್ಲಿ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಕೂಡ ಇರುವುದಿಲ್ಲ. ಕನ್ನಡಕದವರಿಗೆ ಪವರ್ ಲೆನ್ಸ್‌ನ ಖರ್ಚು, ತಂತಿಯಿಲ್ಲದೆ ಪಿಸಿ ಆಟ ಆಡುವವರಿಗೆ ಹೊಸ ರೌಟರ್‌ನ ಖರ್ಚು, ಬಹುತೇಕರಿಗೆ ಒಳ್ಳೆಯ ತಲೆಪಟ್ಟಿಯ ಖರ್ಚು ಸೇರುತ್ತವೆ.

ಮಾರುವವರನ್ನು ಕೇಳಲೇಬೇಕಾದ ಮಾತು ಒಂದೇ: ವಾರಂಟಿ ಯಾರದು, ರಿಪೇರಿ ಎಲ್ಲಿ? ಹೊರದೇಶದಿಂದ ತರಿಸಿ ಮಾರುವ ಹೆಡ್‌ಸೆಟ್‌ಗಳಿಗೆ ಕಂಪನಿಯ ವಾರಂಟಿ ಭಾರತದಲ್ಲಿ ನಡೆಯದೆ ಹೋಗಬಹುದು, ಆಗ ಉಳಿಯುವುದು ಅಂಗಡಿಯವರ ಬಾಯಿಮಾತು. ಬಿಲ್ಲಿನ ಮೇಲೆ ಸೀರಿಯಲ್ ನಂಬರ್, ಜಿಎಸ್‌ಟಿ, ವಾಪಸಿನ ಗಡುವು ಮೂರೂ ಇರಲಿ. ‘ಬರೀ ಬದಲಿ ಕೊಡ್ತೀವಿ’ ಅನ್ನುವುದಕ್ಕೂ ‘ಹಣ ವಾಪಸು’ ಅನ್ನುವುದಕ್ಕೂ ವ್ಯತ್ಯಾಸ ದೊಡ್ಡದು: ತಲೆಗೆ ಹೊಂದದ ಹೆಡ್‌ಸೆಟ್‌ಗೆ ಬದಲಿಯಾಗಿ ಬರುವುದೂ ತಲೆಗೆ ಹೊಂದದ ಹೆಡ್‌ಸೆಟ್ಟೇ.

ಕಣ್ಣಿನ ಅಂತರ ಅಳೆಯುವುದು

ಎರಡೂ ಕಣ್ಣಿನ ಪಾಪೆಗಳ ನಡುವಿನ ದೂರಕ್ಕೆ ಐಪಿಡಿ ಎನ್ನುತ್ತಾರೆ. ಕನ್ನಡಕದ ಅಂಗಡಿಯಲ್ಲಿ ಪಿಡಿ. ದೊಡ್ಡವರಲ್ಲಿ ಸರಾಸರಿ 63 ಮಿ.ಮೀ. ಇದು ತಪ್ಪಿದರೆ ಎಷ್ಟು ದುಬಾರಿ ಪರದೆಯಾದರೂ ಮಂಜು ಕವಿದಂತೆ ಕಾಣುತ್ತದೆ, ಅರ್ಧ ಗಂಟೆಯಲ್ಲಿ ಹುಬ್ಬಿನ ಮೇಲೆ ನೋವು ಶುರುವಾಗುತ್ತದೆ.

ಕನ್ನಡಿಯಿಂದ ಒಂದು ಗೇಣು ದೂರ ನಿಂತು ಸ್ಕೇಲನ್ನು ಹುಬ್ಬಿಗೆ ಅಡ್ಡಲಾಗಿ ಹಿಡಿಯಿರಿ. ಬಲಗಣ್ಣು ಮುಚ್ಚಿ, ಸೊನ್ನೆಯ ಗೆರೆಯನ್ನು ಎಡಗಣ್ಣಿನ ಪಾಪೆಯ ನಡುವಿಗೆ ಸರಿಹೊಂದಿಸಿ. ತಲೆಯನ್ನೂ ಸ್ಕೇಲನ್ನೂ ಕದಲಿಸದೆ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಿರಿ. ಬಲ ಪಾಪೆಯ ನಡುವೆ ಬೀಳುವ ಗೆರೆಯೇ ನಿಮ್ಮ ಅಳತೆ. ಮೂರು ಸಲ ಅಳೆದು ನಡುವಿನದನ್ನು ಇಟ್ಟುಕೊಳ್ಳಿ. ಇದಕ್ಕೂ ಬೇಸರವಾದರೆ ಕನ್ನಡಕದ ಅಂಗಡಿಯಲ್ಲಿ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ.

ಮನೆಯಲ್ಲಿ ಯಾರ್ಯಾರು ಹಾಕುತ್ತಾರೋ ಅವರೆಲ್ಲರದ್ದೂ ಬೇಕು. ಕ್ವೆಸ್ಟ್ 3ರಲ್ಲಿ ಕೆಳಗಿನ ಚಕ್ರ ತಿರುಗಿಸಿ ನಡುವೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು; 53ರಿಂದ 75 ಮಿ.ಮೀ. ಐಪಿಡಿಯವರಿಗೆ ಹೊಂದುತ್ತದೆ ಎನ್ನುತ್ತದೆ ಮೆಟಾ. ಅದರ ಅಗ್ಗದ ತಮ್ಮ 3ಎಸ್‌ನಲ್ಲಿ 58, 63, 68 ಎಂಬ ಮೂರೇ ಮೆಟ್ಟಿಲು. ಗಂಡನಿಗೆ 66, ಹೆಂಡತಿಗೆ 60 ಇದ್ದರೆ ಇಬ್ಬರೂ ರಾಜಿ ಮಾಡಿಕೊಳ್ಳಬೇಕಾದೀತು. ಇಂಡೆಕ್ಸ್ 58ರಿಂದ 70. ಮೊದಲ ಬಿಯಾಂಡ್‌ನಲ್ಲಿ ಅಂತರ ಕೊಂಡವರ ಕಣ್ಣಿಗೆ ಮಾತ್ರ ಕಟ್ಟಿಕೊಟ್ಟದ್ದು, ಮುಖದ ಮೆತ್ತೆಯೂ ಅವರ ಮುಖವನ್ನು ಸ್ಕ್ಯಾನ್ ಮಾಡಿ ಕೊರೆದದ್ದು. ಒಬ್ಬರಿಗೆ ಚಿನ್ನ, ಉಳಿದವರಿಗೆ ಕಬ್ಬಿಣ.

ಕೋಣೆ

ನಿಂತು ಆಡುವ ಆಟಗಳಿಗೆ ಅಡ್ಡಿಯಿಲ್ಲದ 2 ಮೀಟರ್ ಉದ್ದ, 2 ಮೀಟರ್ ಅಗಲದ ನೆಲ ಬೇಕು. ಅಂದರೆ ಆರೂವರೆ ಅಡಿ ಚೌಕ. 10ಕ್ಕೆ 12 ಅಡಿಯ ನಡುಮನೆಯಲ್ಲಿ ಸೋಫಾ, ಟೀಪಾಯಿ, ಟಿವಿ ಸ್ಟ್ಯಾಂಡು ಕಳೆದು ಎಷ್ಟು ಉಳಿಯುತ್ತದೆ ಎಂದು ಟೇಪು ಹಿಡಿದು ನೋಡಿ, ಕಣ್ಣಂದಾಜು ಸಾಲದು. ಉಳಿದ ಚೌಕದ ಮೂಲೆಗಳಿಗೆ ಕಾಗದದ ಟೇಪು ಅಂಟಿಸಿ. ನಡುವೆ ಒಂದು ಸಣ್ಣ ನಾರಿನ ಕಾಲೊರಸು ಹಾಸಿದರೆ ಬರಿಗಾಲಿಗೆ ‘ನಾನು ಮಧ್ಯದಲ್ಲಿದ್ದೇನೆ’ ಎಂಬ ಸುದ್ದಿ ಸದಾ ಸಿಗುತ್ತಿರುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯೋಗದ ಸಲಕರಣೆ ವಿಆರ್‌ನಲ್ಲಿ ಇಲ್ಲ.

ಇನ್ನು ಫ್ಯಾನು. ಅಳೆಯುವ ಬಗೆ ಹೀಗೆ: ಫ್ಯಾನು ಆರಿಸಿ, ರೆಕ್ಕೆಯಿಂದ ನೆಲಕ್ಕೆ ಟೇಪು ಇಳಿಬಿಡಿ. ಆಮೇಲೆ ಮನೆಯ ಅತಿ ಎತ್ತರದವರು ಕಂಟ್ರೋಲರ್ ಹಿಡಿದು, ತುದಿಗಾಲಲ್ಲಿ ನಿಂತು, ಕೈ ಪೂರ್ತಿ ಮೇಲೆತ್ತಲಿ. ಐದೂವರೆ ಅಡಿಯವರ ಕೈಯೂ ಏಳಡಿ ಸುಲಭವಾಗಿ ಮುಟ್ಟುತ್ತದೆ. ಆಟದ ಉತ್ಸಾಹದಲ್ಲಿ ಒಂದು ಜಿಗಿತ ಸೇರಿಸಿ. ಎರಡರ ನಡುವೆ ಒಂದಡಿಯಾದರೂ ಉಳಿಯದಿದ್ದರೆ ಆಡುವ ಚೌಕವನ್ನು ಫ್ಯಾನಿನ ಕೆಳಗಿಂದ ಸರಿಸಿ, ಗಾಳಿಗೆ ಮೂಲೆಯಲ್ಲಿ ಟೇಬಲ್ ಫ್ಯಾನ್ ಇಡಿ. ಟೇಬಲ್ ಫ್ಯಾನಿನದು ಇನ್ನೊಂದು ಲಾಭ: ಗಾಳಿ ಒಂದೇ ದಿಕ್ಕಿನಿಂದ ಬರುವುದರಿಂದ ಯಾವ ಕಡೆ ತಿರುಗಿದ್ದೀರೆಂದು ಮೈಗೆ ತಿಳಿಯುತ್ತದೆ, ಲೆನ್ಸಿನ ಮೇಲೆ ಹಬೆಯೂ ಕೂರುವುದಿಲ್ಲ.

ಕಿಟಕಿ ನೋಡಿ. ಬಿಸಿಲು ಹೆಡ್‌ಸೆಟ್‌ನ ಲೆನ್ಸಿನೊಳಗೆ ಬಿದ್ದರೆ ಅದು ಭೂತಗನ್ನಡಿಯಂತೆ ಕೆಲಸ ಮಾಡಿ ಪರದೆಯನ್ನು ಸುಡುತ್ತದೆ. ಕೆಲವೇ ಕ್ಷಣ ಸಾಕು, ಕಲೆ ಶಾಶ್ವತ, ವಾರಂಟಿಗೂ ಸೇರದು. ತಾರಸಿಯ ಮೇಲೆ, ಅಂಗಳದಲ್ಲಿ, ಬಿಸಿಲು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಎಂದೂ ಇಡಬೇಡಿ. ಹಾಗೆಂದು ಕೋಣೆ ಕತ್ತಲಾಗಿಯೂ ಇರಬಾರದು: ಕ್ಯಾಮೆರಾಗಳಿಂದ ಜಾಗ ಗುರುತಿಸುವ ಹೆಡ್‌ಸೆಟ್‌ಗಳಿಗೆ ಒಂದು ಟ್ಯೂಬ್‌ಲೈಟಿನಷ್ಟು ಬೆಳಕು ಬೇಕೇ ಬೇಕು.

ಡಬ್ಬಿ ಬಿಚ್ಚುವಾಗ

ಸೀಲು ಒಡೆಯುವಲ್ಲಿಂದ ಮೊದಲ ಸಲ ಆನ್ ಮಾಡುವವರೆಗೆ ನಿಲ್ಲಿಸದೆ ಒಂದೇ ವಿಡಿಯೊ ತೆಗೆಯಿರಿ. ಸೀರಿಯಲ್ ನಂಬರ್ ಸ್ಪಷ್ಟವಾಗಿ ಕಾಣಲಿ. ಆನ್‌ಲೈನ್‌ನಲ್ಲಿ ಕೊಂಡದ್ದಕ್ಕೂ 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಗ ಈ ವಿಡಿಯೊವೇ ಸಾಕ್ಷಿ.

ಲೆನ್ಸನ್ನು ಫೋನಿನ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಮೇಲ್ಮೈಯ ಧೂಳು ಬಟ್ಟೆಗೆ ಹೋಗುತ್ತದೆ; ಒಳಗಿನ ಧೂಳು ಹೋಗುವುದಿಲ್ಲ, ಅದು ಆ ದಿನವೇ ಬದಲಿ ಕೇಳಬೇಕಾದ ದೋಷ. ಬಿಳಿ ಪರದೆ ಹಾಕಿ ಕಪ್ಪು ಚುಕ್ಕಿ ಹುಡುಕಿ, ಕಪ್ಪು ಪರದೆ ಹಾಕಿ ಸದಾ ಹೊಳೆಯುವ ಚುಕ್ಕಿ ಹುಡುಕಿ. ಒಂದೊಂದೇ ಕಣ್ಣು ಮುಚ್ಚಿ ನೋಡುವುದನ್ನು ಮರೆಯಬೇಡಿ. ಎರಡೂ ಕಣ್ಣು ತೆರೆದಿದ್ದರೆ ಒಂದು ಕಡೆಯ ದೋಷವನ್ನು ಮಿದುಳು ಸದ್ದಿಲ್ಲದೆ ಮುಚ್ಚಿಹಾಕುತ್ತದೆ. ಕಂಟ್ರೋಲರ್‌ನ ಕಡ್ಡಿಯಿಂದ (ಜಾಯ್‌ಸ್ಟಿಕ್) ಬೆರಳು ತೆಗೆದರೂ ಮೆನು ತಾನೇ ಜಾರುತ್ತಿದ್ದರೆ ಕಡ್ಡಿ ಸವೆದಿದೆ ಅಥವಾ ಹುಟ್ಟಿನಿಂದಲೇ ಕೆಟ್ಟಿದೆ.

ಸೆಕೆಂಡ್‌ಹ್ಯಾಂಡ್ ಆದರೆ ಇನ್ನೆರಡು ಮಾತು. ಬಿಸಿಲಿನಿಂದ ಸುಟ್ಟ ಹಳದಿ ಅಥವಾ ನೇರಳೆ ಕಲೆ ಬಿಳಿ ಪರದೆಯಲ್ಲಿ ಕಂಡೇ ಕಾಣುತ್ತದೆ, ನೋಡಿ. ಹಳೆಯ ಮಾಲೀಕರ ಖಾತೆ ಬಿಡಿಸಿ, ಫ್ಯಾಕ್ಟರಿ ರೀಸೆಟ್ ಆಗಿ, ನಿಮ್ಮ ಖಾತೆಯಿಂದ ಒಳಗೆ ಹೋಗುವವರೆಗೂ ಹಣ ಕೊಡಬೇಡಿ.

ತಲೆಗೆ ಕೂರುವುದು: 45 ನಿಮಿಷದ ಪರೀಕ್ಷೆ

ಕ್ವೆಸ್ಟ್ 3ರ ತೂಕ 515 ಗ್ರಾಂ. ಸುಲಿದ ದಪ್ಪ ತೆಂಗಿನಕಾಯಿಯೊಂದನ್ನು ಮುಖದ ಮುಂದೆ ಕಟ್ಟಿಕೊಂಡಂತೆ ಅಂದುಕೊಳ್ಳಿ. ಪಿಎಸ್ ವಿಆರ್2 560, 2024ರ ವಿಷನ್ ಪ್ರೊ 600ರಿಂದ 650 (ಜೇಬಿನ ಬ್ಯಾಟರಿ ಬೇರೆ 353), ಇಂಡೆಕ್ಸ್ 809, ಮೊದಲ ಬಿಯಾಂಡ್ ಬರೀ 127. ಆದರೆ ಒಟ್ಟು ತೂಕ ಅರ್ಧ ಸತ್ಯ. 809 ಗ್ರಾಂನ ಇಂಡೆಕ್ಸ್‌ನಲ್ಲಿ ಹಿಂಬದಿಯ ಗಟ್ಟಿಪಟ್ಟಿ ಭಾರವನ್ನು ಹಂಚಿಕೊಳ್ಳುತ್ತದೆ. ಹಗುರ ಹೆಡ್‌ಸೆಟ್‌ನ ಬಟ್ಟೆಯ ಪಟ್ಟಿ ಎಲ್ಲ ಭಾರವನ್ನೂ ಕೆನ್ನೆಯ ಮೂಳೆಗೆ ಬಿಡುತ್ತದೆ.

ಹಾಕುವ ಕ್ರಮ: ಪಟ್ಟಿ ಸಡಿಲಿಸಿ, ಮುಂಭಾಗವನ್ನು ಮುಖಕ್ಕಿಟ್ಟು, ಹಿಂಬದಿಯ ತೊಟ್ಟಿಲು ತಲೆಬುರುಡೆಯ ಉಬ್ಬಿನ ಕೆಳಗೆ ಕೂರುವಂತೆ ಎಳೆಯಿರಿ. ಮೊದಲು ನೆತ್ತಿಯ ಪಟ್ಟಿ ಬಿಗಿ, ಆಮೇಲೆ ಪಕ್ಕದ್ದು. ಬಹಳ ಜನ ಪಕ್ಕದ್ದನ್ನೇ ಬಿಗಿದು ಮುಖಕ್ಕೆ ಅಂಟಿಸಿಕೊಳ್ಳುತ್ತಾರೆ, ಕೆಂಪು ಗೆರೆ ಬೀಳುವುದು ಅದರಿಂದಲೇ. ಜಡೆ ಅಥವಾ ತುರುಬು ಇರುವವರು ಅದನ್ನು ತೊಟ್ಟಿಲಿನ ಕೆಳಗೆ ಕತ್ತಿನ ಬಳಿ ಇಳಿಸಿದರೆ ಪಟ್ಟಿ ಜಾರದು. ಮೂಗುತಿ ಮೂಗಿನ ಮೆತ್ತೆಗೆ ತಾಗುತ್ತದೆಯೇ ನೋಡಿ.

ಸರಿಯಾಗಿ ಕೂತ ಮೇಲೆ ಗಡಿಯಾರ ನೋಡಿ 45 ನಿಮಿಷ ಸಿನಿಮಾ ಹಾಕಿ ಕುಳಿತುಕೊಳ್ಳಿ. ಆಟ ಬೇಡ, ಆಟದ ಗುಂಗಿನಲ್ಲಿ ನೋವು ಗೊತ್ತಾಗುವುದಿಲ್ಲ. 15, 30, 45ನೇ ನಿಮಿಷಕ್ಕೆ ಹಣೆ, ಕೆನ್ನೆ, ಮೂಗು, ಕತ್ತಿನ ಹಿಂಭಾಗಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಬರೆಯಿರಿ. 30ನೇ ನಿಮಿಷಕ್ಕೆ ಎಲ್ಲಾದರೂ 3 ಬಂದರೆ ಪಟ್ಟಿ ಬದಲಿಸದೆ ಅದು ಬಾಳುವುದಿಲ್ಲ. ಬೇರೆ ಪಟ್ಟಿಗೆ ಖರ್ಚಾಗುವ ಹಣವನ್ನು ಹೆಡ್‌ಸೆಟ್‌ನ ಬೆಲೆಗೇ ಸೇರಿಸಿ ಮತ್ತೆ ಹೋಲಿಸಿ.

ಕನ್ನಡಕ ಹಾಕುವವರು ಫ್ರೇಮಿನ ಒಟ್ಟು ಅಗಲ ಅಳೆದು ಹೆಡ್‌ಸೆಟ್‌ನ ಒಳ ಅಗಲಕ್ಕೆ ಹೋಲಿಸಬೇಕು. ಕನ್ನಡಕದ ಗಾಜು ಲೆನ್ಸಿಗೆ ಒಮ್ಮೆ ಉಜ್ಜಿದರೆ ಎರಡಕ್ಕೂ ಗೀರು. ಕಣ್ಣಿಗೂ ಲೆನ್ಸಿಗೂ ಇರುವ ದೂರ ಹೆಚ್ಚಿಸುವ ಏರ್ಪಾಡು ಇದ್ದರೆ ಬಳಸಿ, ಆದರೆ ದೂರ ಹೆಚ್ಚಿದಷ್ಟೂ ನೋಟದ ಅಗಲ ಕುಗ್ಗುತ್ತದೆ. ದಿನವೂ ಬಳಸುವವರಿಗೆ ಒಳಗೆ ಕೂರಿಸುವ ಪವರ್ ಲೆನ್ಸೇ ಲೇಸು. ಹೆಡ್‌ಸೆಟ್‌ನೊಳಗಿನ ಚಿತ್ರ ಕಣ್ಣಿಗೆ ಸಾಮಾನ್ಯವಾಗಿ ಒಂದೆರಡು ಮೀಟರ್ ದೂರದಲ್ಲಿದ್ದಂತೆ ಫೋಕಸ್ ಆಗುತ್ತದೆ. ಹಾಗಾಗಿ ಬರೀ ಓದುವ ಕನ್ನಡಕ ಇರುವ ಐವತ್ತು ದಾಟಿದವರಿಗೆ ಕನ್ನಡಕವಿಲ್ಲದೆಯೇ ಚೆನ್ನಾಗಿ ಕಾಣಬಹುದು. ದೂರದ ಪವರ್ ಇರುವವರಿಗೆ ಕನ್ನಡಕ ಬೇಕೇ ಬೇಕು.

ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಫೋಮಿನ ಮೆತ್ತೆ ಮುಟ್ಟಬೇಡಿ, ಎಣ್ಣೆ ಹೀರಿದ ಫೋಮು ಮತ್ತೆ ಸರಿಹೋಗದು. ಸಿಲಿಕೋನ್ ಹೊದಿಕೆ ಮೊದಲೇ ತರಿಸಿ. ಹಣೆಯ ವಿಭೂತಿ ಪೂರ್ತಿ ಒರೆಸಿಯೇ ಹಾಕಿ: ಉದುರಿದ ಪುಡಿ ಲೆನ್ಸಿನ ಮೇಲೆ ಕೂತು, ಒರೆಸುವಾಗ ಉಪ್ಪುಕಾಗದದಂತೆ ಕೆರೆಯುತ್ತದೆ. ಲೆನ್ಸಿಗೆ ಸ್ಪಿರಿಟ್ಟು, ಕೊಲಿನ್, ಸ್ಯಾನಿಟೈಸರ್ ಯಾವುದೂ ಸಲ್ಲದು. ಮೊದಲು ಗಾಳಿ ಊದುವ ರಬ್ಬರ್ ಬುರುಡೆ, ಆಮೇಲೆ ಒಣ ಬಟ್ಟೆ.

ಚಿತ್ರ: ಕನ್ನಡದ ಒತ್ತಕ್ಷರವೇ ಕಣ್ಣುಪರೀಕ್ಷೆಯ ಫಲಕ

‘4ಕೆ’ ಎಂಬ ಮಾತಿಗೆ ಇಲ್ಲಿ ಅರ್ಥ ಕಡಿಮೆ. ಪರದೆ ಕಣ್ಣಿನ ಮುಂದೆ ಎಷ್ಟು ಅಗಲಕ್ಕೆ ಹರಡುತ್ತದೆ ಎನ್ನುವುದೂ ಸೇರಬೇಕು, ಹಾಗಾಗಿ ನೋಡಬೇಕಾದ್ದು ಒಂದು ಡಿಗ್ರಿಗೆ ಎಷ್ಟು ಪಿಕ್ಸೆಲ್ ಎಂಬುದು, ಪಿಪಿಡಿ ಎನ್ನುತ್ತಾರೆ. 6/6 ದೃಷ್ಟಿಯ ಕಣ್ಣು ಸುಮಾರು 60 ಪಿಪಿಡಿವರೆಗೆ ಬಿಡಿಸಿ ನೋಡಬಲ್ಲದು. ಕ್ವೆಸ್ಟ್ 3ರಲ್ಲಿ ಒಂದು ಕಣ್ಣಿಗೆ 2064×2208 ಪಿಕ್ಸೆಲ್, ಮೆಟಾ ಹೇಳುವ ಲೆಕ್ಕ 25 ಪಿಪಿಡಿ. ಕಣ್ಣಿನ ಡಾಕ್ಟರ ಭಾಷೆಗೆ ತಂದರೆ 6/14ರ ಆಸುಪಾಸು: ಒಳ್ಳೆಯ ಕಣ್ಣಿದ್ದವರೂ ಇದರೊಳಗೆ ಹೋದಾಗ ಕನ್ನಡಕ ಮರೆತು ಬಂದವರಂತೆ.

ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ಸಾಲಬಹುದು. ಕನ್ನಡಕ್ಕೆ ಸಾಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಒಂದು ಮೀಟರ್ ದೂರದ ಪರದೆಯಲ್ಲಿ 1 ಸೆಂ.ಮೀ. ಎತ್ತರದ ಅಕ್ಷರ ಕಣ್ಣಿಗೆ 0.57 ಡಿಗ್ರಿ, 25 ಪಿಪಿಡಿಯಲ್ಲಿ ಅದರ ಪಾಲಿಗೆ 14 ಪಿಕ್ಸೆಲ್. ಅದರ ಕೆಳಗಿನ ಒತ್ತಿಗೆ ಅದರಲ್ಲರ್ಧ, ಏಳು. ಏಳು ಪಿಕ್ಸೆಲ್ಲಿನಲ್ಲಿ ‘ಷ್ಟ’ಕ್ಕೂ ‘ಷ್ಠ’ಕ್ಕೂ ವ್ಯತ್ಯಾಸ ಬರೆಯುವುದು ಹೇಗೆ? ಪರದೆಯ ಮೇಲೆ ಕೆಲಸ ಮಾಡಲು, ಓದಲು ಕೊಳ್ಳುವವರಿಗೆ ಇದಕ್ಕಿಂತ ಕಟುವಾದ, ಪ್ರಾಮಾಣಿಕವಾದ ಪರೀಕ್ಷೆ ಇನ್ನೊಂದಿಲ್ಲ.

ಹೀಗೆ ಮಾಡಿ. ಫೋನಿನಲ್ಲಿ ಎರಡು ಸಾಲು ಬರೆದು ನಿಮಗೇ ಮೇಲ್ ಮಾಡಿಕೊಳ್ಳಿ. ಮೊದಲನೆಯದು: ರಾಷ್ಟ್ರ, ಲಕ್ಷ್ಮಿ, ಸ್ವಾತಂತ್ರ್ಯ, ವೈಶಿಷ್ಟ್ಯ, ಜ್ಯೋತ್ಸ್ನಾ, ನಿಷ್ಠೆ. ಎರಡನೆಯದು: ದ ಧ ಥ, ಬ ಭ, ಡ ಢ, ಪ ಷ ಫ, ಮ ವ. ಹೆಡ್‌ಸೆಟ್‌ನ ಬ್ರೌಸರಿನಲ್ಲಿ ತೆರೆದು, ಕಿಟಕಿಯನ್ನು ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸಿ, ಜೂಮ್ 200ರಿಂದ ಇಳಿಸುತ್ತಾ ಬನ್ನಿ. ಯಾವ ಜೂಮ್‌ನಲ್ಲಿ ಧ-ಥ ಒಂದಾಗುತ್ತವೆ, ಯಾವಾಗ ‘ಜ್ಯೋತ್ಸ್ನಾ’ ಮಸಿಯ ಉಂಡೆಯಾಗುತ್ತದೆ, ಬರೆದುಕೊಳ್ಳಿ. 125ರಲ್ಲೂ ಬಿಡಿಬಿಡಿಯಾಗಿ ಕಂಡರೆ ಆ ಹೆಡ್‌ಸೆಟ್‌ನಲ್ಲಿ ಕನ್ನಡ ಪತ್ರಿಕೆ ಓದಬಹುದು. 200ರಲ್ಲೂ ಕಣ್ಣು ಕಿರಿದು ಮಾಡಬೇಕಾದರೆ ಆಟಕ್ಕೆ, ಸಿನಿಮಾಕ್ಕೆ ಇಟ್ಟುಕೊಳ್ಳಿ, ಮಾನಿಟರ್ ಮಾರಬೇಡಿ. ಪ್ರತಿ ಸಲವೂ ಅದೇ ಎರಡು ಸಾಲು, ಅದೇ ದೂರ. ಎರಡು ಹೆಡ್‌ಸೆಟ್ ಹೋಲಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ಅದೇ ಪುಟ ಇಟ್ಟುಕೊಂಡೇ ಲೆನ್ಸನ್ನೂ ಪರೀಕ್ಷಿಸಿ. ತಲೆ ಅಲುಗಿಸದೆ ಕಣ್ಣನ್ನು ಮಾತ್ರ ಸಾಲಿನ ಎಡತುದಿಯಿಂದ ಬಲತುದಿಗೆ ಓಡಿಸಿ. ಎಷ್ಟು ಪದ ಸ್ಪಷ್ಟ, ಎಲ್ಲಿಂದ ಕರಗುತ್ತದೆ? ಕ್ವೆಸ್ಟ್ 3ರಂಥ ಪ್ಯಾನ್‌ಕೇಕ್ ಲೆನ್ಸಿನಲ್ಲಿ ಸ್ಪಷ್ಟತೆ ಅಂಚಿನ ಹತ್ತಿರದವರೆಗೆ ಉಳಿಯುತ್ತದೆ. 3ಎಸ್, ಪಿಎಸ್ ವಿಆರ್2ಗಳ ಫ್ರೆನೆಲ್ ಲೆನ್ಸಿನಲ್ಲಿ ನಡುಭಾಗ ಮಾತ್ರ ಗರಿಗರಿ, ಬದಿಗೆ ನೋಡಲು ತಲೆಯನ್ನೇ ತಿರುಗಿಸಬೇಕು. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಹಾಕಿದರೆ ಫ್ರೆನೆಲ್‌ನ ಉಂಗುರಗಳಿಂದ ಬೆಳಕಿನ ಗೆರೆಗಳು ಚೆಲ್ಲುವುದೂ ಕಾಣುತ್ತದೆ. ಪ್ಯಾನ್‌ಕೇಕ್‌ನಲ್ಲಿ ಆ ಗೆರೆಗಳಿಲ್ಲ, ಆದರೆ ಅದು ಬೆಳಕು ನುಂಗುವ ಲೆನ್ಸು. ಪರದೆಯ ಹೊಳಪಿನ ದೊಡ್ಡ ಪಾಲು ಕಣ್ಣಿಗೆ ತಲುಪುವ ಮುನ್ನವೇ ಹೋಗಿರುತ್ತದೆ.

ಕಪ್ಪು ಬಣ್ಣಕ್ಕೆ ಸಿನಿಮಾದ ರಾತ್ರಿಯ ದೃಶ್ಯ ಸಾಕು. ಎಲ್‌ಸಿಡಿ ಪರದೆಯಲ್ಲಿ ರಾತ್ರಿ ಬೂದು. ಪಿಎಸ್ ವಿಆರ್2ರ ಒಎಲ್‌ಇಡಿಯಲ್ಲಿ, ವಿಷನ್ ಪ್ರೊ ಮತ್ತು ಬಿಯಾಂಡ್‌ನ ಮೈಕ್ರೋ ಒಎಲ್‌ಇಡಿಯಲ್ಲಿ ರಾತ್ರಿ ರಾತ್ರಿಯೇ. ಆದರೆ ಒಎಲ್‌ಇಡಿಯಲ್ಲಿ ತಿಳಿಬೂದು ಆಕಾಶದ ಮೇಲೆ ಕೊಳೆ ಮೆತ್ತಿದಂಥ ಅಸಮ ಛಾಯೆ ಕಾಣಬಹುದು. ತಲೆ ನಿಧಾನ ತಿರುಗಿಸಿ, ಛಾಯೆ ತಲೆಯ ಜೊತೆಗೇ ಬಂದರೆ ಅದು ಪರದೆಯದ್ದು.

ಹೊರಗಿನದನ್ನು ಕ್ಯಾಮೆರಾದಿಂದ ತೋರಿಸುವ ಪಾಸ್‌ಥ್ರೂ ಇದ್ದರೆ, ಅದನ್ನು ಹಾಕಿಕೊಂಡು ಸಿಂಕಿನ ಮೇಲೆ ಚೊಂಬಿನಿಂದ ಲೋಟಕ್ಕೆ ನೀರು ಹುಯ್ಯಿರಿ. ಚೆಲ್ಲಿದರೆ ದೂರದ ಅಂದಾಜು ತಪ್ಪುತ್ತಿದೆ ಎಂದರ್ಥ. ಫೋನಿನ ಮೆಸೇಜು ಓದಲು ಬರುತ್ತದೆಯೇ, ಕೈಯ ಸುತ್ತ ಗಾಳಿ ಅಲೆಯಾಡಿದಂತೆ ಗೋಡೆ ಬಾಗುತ್ತದೆಯೇ ನೋಡಿ.

ಟ್ರ್ಯಾಕಿಂಗ್

ನಿಮ್ಮ ತಲೆ, ಕೈ ಎಲ್ಲಿವೆ ಎಂದು ಹೆಡ್‌ಸೆಟ್ ಗುರುತಿಸುತ್ತಿರುವುದೇ ಟ್ರ್ಯಾಕಿಂಗ್. ಮೊದಲು ನೆಲ. ಕಂಟ್ರೋಲರನ್ನು ನೆಲದ ಮೇಲಿಟ್ಟು ಹೆಡ್‌ಸೆಟ್‌ನೊಳಗಿಂದ ನೋಡಿ. ಅದು ನೆಲದಲ್ಲಿ ಹೂತಿದ್ದರೆ ಅಥವಾ ತೇಲುತ್ತಿದ್ದರೆ ನೆಲದ ಮಟ್ಟ ಮತ್ತೆ ಹೊಂದಿಸಿ. ನಾಲ್ಕು ಬೆರಳು ತಪ್ಪಿದರೂ ಮೈಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಮಾತ್ರ ತಿಳಿಯುವುದಿಲ್ಲ.

ಆಮೇಲೆ ಜಾರಾಟ. ಪಾಸ್‌ಥ್ರೂನಲ್ಲಿ ಬ್ರೌಸರ್ ಕಿಟಕಿಯ ಮೂಲೆಯನ್ನು ಬಾಗಿಲ ಚೌಕಟ್ಟಿನ ಮೂಲೆಗೆ ಸರಿಯಾಗಿ ಕೂರಿಸಿ. ಕೋಣೆಯಲ್ಲಿ ಐದು ಸುತ್ತು ಹಾಕಿ, ಎರಡು ಸಲ ಕುಳಿತು ಎದ್ದು, ಮತ್ತೆ ಅದೇ ಜಾಗಕ್ಕೆ ಬಂದು ನೋಡಿ. ಒಂದೆರಡು ಸೆಂ.ಮೀ. ಕದಲಿದ್ದರೆ ಚಿಂತೆಯಿಲ್ಲ. ಗೇಣುದ್ದ ಜರುಗಿದ್ದರೆ ಮೊದಲು ಕೋಣೆಯನ್ನೇ ಅನುಮಾನಿಸಿ: ಬೋಳು ಬಿಳಿ ಗೋಡೆಯಲ್ಲಿ ಕ್ಯಾಮೆರಾಕ್ಕೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಮತ್ತು ಬೀರುವಿನ ಕನ್ನಡಿ ಸುಳ್ಳು ಗುರುತು ಕೊಡುತ್ತವೆ. ಗೋಡೆಗೆ ಎರಡು ಕ್ಯಾಲೆಂಡರ್, ಕನ್ನಡಿಗೆ ಒಂದು ದುಪ್ಪಟಿ, ನೆಲಕ್ಕೆ ಒಂದು ಜಮಖಾನ. ಹೆಚ್ಚಿನ ದೂರುಗಳು ಇಷ್ಟಕ್ಕೇ ಮಾಯ. ದೇವರ ಫೋಟೊಗೆ ಸುತ್ತಿದ ಸೀರಿಯಲ್ ಸೆಟ್ ಆರಿಸಿ, ಕಂಟ್ರೋಲರ್‌ನ ಕಾಣದ ಬೆಳಕಿನ ಚುಕ್ಕಿಗಳ ಜೊತೆ ಅವು ಗೊಂದಲವಾಗುತ್ತವೆ. ಕ್ವೆಸ್ಟ್‌ನ ಸೆಟಿಂಗ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿ ಇದ್ದಲ್ಲಿ 50 ಹರ್ಟ್ಸ್ ಆರಿಸಿ, ನಮ್ಮ ಕರೆಂಟಿನದು ಅದೇ. ಹೊರದೇಶದಿಂದ ಬಂದದ್ದು 60ರಲ್ಲಿದ್ದರೆ ಟ್ಯೂಬ್‌ಲೈಟಿನ ಮಿನುಗು ಕ್ಯಾಮೆರಾವನ್ನು ಕಾಡುತ್ತದೆ.

ಕೊನೆಗೆ ಕೈ. ಬಿಲ್ಲು ಎಳೆದಂತೆ ಒಂದು ಕೈ ಕೆನ್ನೆಯ ಪಕ್ಕ, ಬೆನ್ನ ಹಿಂದೆ ಒಂದು ಕೈ, ಒಂದು ಕಂಟ್ರೋಲರ್ ಇನ್ನೊಂದರ ಮುಂದೆ: ಮೂರರಲ್ಲೂ ಐದು ಸೆಕೆಂಡ್ ನಿಲ್ಲಿಸಿ. ಬೆನ್ನ ಹಿಂದೆ ಕಳೆದುಹೋಗುವುದು ಕ್ಯಾಮೆರಾ ಹೆಡ್‌ಸೆಟ್‌ಗಳಿಗೆ ಸಹಜ. ಕೆನ್ನೆಯ ಪಕ್ಕದಲ್ಲೇ ಹಾರಿಹೋದರೆ ದೋಷ.

ಪಿಸಿ ಮತ್ತು ವೈಫೈ

ಸ್ವತಂತ್ರವಾಗಿ ಮಾತ್ರ ಬಳಸುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು.

4ಕೆ ಟಿವಿಗೆ ಸೆಕೆಂಡಿಗೆ 60 ಚಿತ್ರ ಕೊಡಲು ಪಿಸಿ ಸುಮಾರು 50 ಕೋಟಿ ಪಿಕ್ಸೆಲ್ ಬಿಡಿಸಬೇಕು. ಕ್ವೆಸ್ಟ್ 3ರ ಎರಡು ಪರದೆಗೆ 90 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 90 ಚಿತ್ರದಂತೆ, 82 ಕೋಟಿ. ಅದೂ ಪರದೆಯ ಲೆಕ್ಕ ಮಾತ್ರ; ಲೆನ್ಸಿನ ವಕ್ರತೆ ಸರಿಪಡಿಸಲು, ಪಿಸಿಯಲ್ಲಿ ವಿಆರ್ ನಡೆಸುವ ತಂತ್ರಾಂಶ ಸ್ಟೀಮ್‌ವಿಆರ್ 100 ಪ್ರತಿಶತ ಎನ್ನುವಾಗಲೇ ಉದ್ದ-ಅಗಲ ಎರಡರಲ್ಲೂ ಸುಮಾರು 1.4 ಪಟ್ಟು ದೊಡ್ಡ ಚಿತ್ರ ಬಿಡಿಸುತ್ತಿರುತ್ತದೆ. ಟಿವಿಯಲ್ಲಿ ಸಲೀಸಾಗಿ ಆಡಿದ ಪಿಸಿ ಇಲ್ಲಿ ಏದುಸಿರು ಬಿಡುವುದು ಇದಕ್ಕೇ.

ಪರೀಕ್ಷೆ ಗಡಿಯಾರದ್ದು. 90 ಹರ್ಟ್ಸ್‌ಗೆ ಒಂದು ಚಿತ್ರಕ್ಕೆ 11.1 ಮಿಲಿಸೆಕೆಂಡ್ ಸಿಗುತ್ತದೆ, 72ಕ್ಕೆ 13.9, 120ಕ್ಕೆ 8.3. ಸ್ಟೀಮ್‌ವಿಆರ್‌ನ ಫ್ರೇಮ್ ಟೈಮಿಂಗ್ ಕಿಟಕಿ ತೆರೆದು ನೀವು ನಿಜವಾಗಿ ಆಡುವ ಆಟವನ್ನು ಹತ್ತು ನಿಮಿಷ ಆಡಿ. ಗೆರೆ ಮತ್ತೆಮತ್ತೆ 11 ದಾಟಿದರೆ ವ್ಯವಸ್ಥೆ ಚಿತ್ರಗಳನ್ನು 45ಕ್ಕೆ ಇಳಿಸಿ ನಡುವಿನದನ್ನು ಊಹಿಸಿ ತುಂಬಿಸುತ್ತದೆ. ವೇಗವಾಗಿ ತಿರುಗುವ ಕೈಯ ಅಂಚಿನಲ್ಲಿ ಅಲೆ ಕಾಣುವುದು ಅದರಿಂದ. ಆಗ ರೆಸಲ್ಯೂಷನ್ ಇಳಿಸಿ, ಇಲ್ಲವೇ 72ಕ್ಕೆ ಬನ್ನಿ. ಸ್ಥಿರವಾದ 72, ತೊದಲುವ 90ಕ್ಕಿಂತ ಮೇಲು. ಲ್ಯಾಪ್‌ಟಾಪ್‌ನವರು ಹೆಡ್‌ಸೆಟ್‌ನ ತಂತಿ ಹಚ್ಚುವ ಡಿಸ್‌ಪ್ಲೇಪೋರ್ಟ್ ಕಿಂಡಿ ಗ್ರಾಫಿಕ್ಸ್ ಕಾರ್ಡಿಗೇ ಸೇರಿದೆಯೇ ಎಂದು ಕೊಳ್ಳುವ ಮುನ್ನವೇ ಖಚಿತಪಡಿಸಿಕೊಳ್ಳಿ. ಎಚ್‌ಡಿಎಂಐ ಒಂದೇ ಇದ್ದರೆ ಇಂಡೆಕ್ಸ್, ಕ್ರಿಸ್ಟಲ್ ಲೈಟ್, ಬಿಯಾಂಡ್ ಯಾವುವೂ ಹಚ್ಚಿಕೊಳ್ಳವು.

ತಂತಿಯಿಲ್ಲದೆ ಆಡುವುದಕ್ಕೂ ಇಂಟರ್‌ನೆಟ್ ವೇಗಕ್ಕೂ ಸಂಬಂಧವಿಲ್ಲ. ಬೇಕಾದ್ದು ಪಿಸಿಯಿಂದ ರೌಟರ್‌ಗೆ ಲ್ಯಾನ್ ಕೇಬಲ್, ರೌಟರ್‌ನಿಂದ ಹೆಡ್‌ಸೆಟ್‌ಗೆ ಅದೇ ಕೋಣೆಯಲ್ಲಿ 5 ಗಿಗಾಹರ್ಟ್ಸ್ ವೈಫೈ. ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆ ದಾಟಿ ಬರುವ 5 ಗಿಗಾಹರ್ಟ್ಸ್ ನಂಬಬೇಡಿ. ಪಿಸಿಯ ಆಟವನ್ನು ವೈಫೈ ಮೂಲಕ ಹೆಡ್‌ಸೆಟ್‌ಗೆ ತರುವ ವರ್ಚುವಲ್ ಡೆಸ್ಕ್‌ಟಾಪ್ ಆ್ಯಪಿನಲ್ಲಿ ಒಟ್ಟು ವಿಳಂಬ ಕಾಣುತ್ತದೆ: 50 ಮಿಲಿಸೆಕೆಂಡ್ ಒಳಗಿದ್ದರೆ ಆಡಬಹುದು, 80 ದಾಟಿದರೆ ಕೈ ನಿಮ್ಮದಲ್ಲ ಅನ್ನಿಸುತ್ತದೆ.

ಕರೆಂಟು, ಸೆಕೆ, ಬ್ಯಾಟರಿ

ಕರೆಂಟು ಹೋಗಿ ಇನ್ವರ್ಟರ್‌ಗೆ ಬದಲಾಗುವ ಕ್ಷಣವನ್ನು ಬೇಕೆಂದೇ ಮಾಡಿ ನೋಡಿ: ಆಟ ನಡೆಯುವಾಗ ಮನೆಯ ಇನ್ನೊಬ್ಬರು ಮೇನ್ ಆಫ್ ಮಾಡಲಿ. ಮೊದಲೇ ಪಿಸಿಯ ಕೆಲಸವೆಲ್ಲ ಸೇವ್ ಮಾಡಿರಿ. ಬ್ಯಾಟರಿಯ ಹೆಡ್‌ಸೆಟ್‌ಗೆ ಏನೂ ಆಗದು. ಪಿಸಿ ರೀಸ್ಟಾರ್ಟ್ ಆದರೆ ಇನ್ವರ್ಟರ್‌ನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಆಟದ ಪಿಸಿ ಒಂದೇ 400-500 ವ್ಯಾಟ್ ಎಳೆಯಬಲ್ಲದು, ಲೈಟು ಫ್ಯಾನಿನ ಜೊತೆ ಮನೆಯ ಸಾಧಾರಣ ಇನ್ವರ್ಟರ್ ಅದನ್ನು ಹೊರಲಾರದೆ ಕೂಗುತ್ತದೆ. ಪಿಸಿಗೆ ಬೇರೆ ಯುಪಿಎಸ್ ಇಟ್ಟು, ಆಟ ಮುಗಿಸಿ ಆಫ್ ಮಾಡುವಷ್ಟು ಹೊತ್ತು ಸಿಕ್ಕರೆ ಸಾಕು. ರೌಟರ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಸಿಗುತ್ತದೆ.

ಬ್ಯಾಟರಿಯನ್ನು 100ರಿಂದ ಶುರು ಮಾಡಿ ಅರ್ಧರ್ಧ ಗಂಟೆಗೆ ಬರೆಯಿರಿ. ಕ್ವೆಸ್ಟ್ 3ಕ್ಕೆ ಎರಡು ಗಂಟೆಯ ಆಸುಪಾಸು ಸರಿ. ಒಂದೂಕಾಲು ಗಂಟೆಗೇ ಮುಗಿದರೆ ಬದಲಿ ಕೇಳಿ. ಸೆಕೆಯ ಪರೀಕ್ಷೆಯನ್ನು ಮಧ್ಯಾಹ್ನ 3ಕ್ಕೆ, ನೀವು ಎಂದಿನಂತೆ ಇರುವ ಕೋಣೆಯಲ್ಲೇ ಮಾಡಿ. ವಿಷನ್ ಪ್ರೊಗೆ ಆಪಲ್ ಕೊಡುವ ಕೆಲಸದ ಉಷ್ಣತೆ 0ರಿಂದ 30 ಡಿಗ್ರಿ. ನಮ್ಮ ಏಪ್ರಿಲ್‌ನ ತಾರಸಿ ಕೆಳಗಿನ ಕೋಣೆ ಅದನ್ನು ದಾಟಿಯೇ ಇರುತ್ತದೆ. ಎಚ್ಚರಿಕೆಯ ಸಂದೇಶ, ಪರದೆಯ ಹೊಳಪು ತಾನೇ ತಗ್ಗುವುದು, ಒಳಗಿನ ಫ್ಯಾನಿನ ಸದ್ದು ಏರುವುದು ಇವನ್ನು ಗಮನಿಸಿ. ಡಿಸೆಂಬರ್‌ನಲ್ಲಿ ಕೊಂಡವರು ಏಪ್ರಿಲ್ ಅನ್ನು ನೆನೆದೇ ತೀರ್ಮಾನಿಸಬೇಕು.

ವಾಕರಿಕೆ: ಯಾರ ತಪ್ಪು?

ಘಾಟಿಯಲ್ಲಿ ಬಸ್ಸಿನಲ್ಲಿ ಕೂತು ಪುಸ್ತಕ ಓದಿದಾಗ ಆಗುವುದೇ ಇಲ್ಲೂ ಆಗುವುದು, ತಿರುವುಮುರುವಾಗಿ: ಕಣ್ಣು ನಡೆಯುತ್ತಿದೆ ಎನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ನಿಂತಿದ್ದೇನೆ ಎನ್ನುತ್ತದೆ. ನಾಲ್ಕು ಮೆಟ್ಟಿಲು ಹತ್ತಿ, ಒಂದೊಂದರಲ್ಲಿ ಹತ್ತು ನಿಮಿಷ, ದಿನಕ್ಕೊಂದೇ. ಕುಳಿತು ಸ್ಥಿರ ದೃಶ್ಯ. ನಿಂತು, ನಿಜವಾಗಿ ಹೆಜ್ಜೆ ಹಾಕುವ ಆಟ. ಒಂದೆಡೆಯಿಂದ ಇನ್ನೊಂದೆಡೆ ಜಿಗಿಯುವ ಆಟ. ಕಡ್ಡಿ ಒತ್ತಿ ಜಾರಿಕೊಂಡು ಹೋಗುವ ಆಟ.

ನಾಲ್ಕನೆಯದರಲ್ಲಿ ಮಾತ್ರ ತಲೆ ಸುತ್ತಿದರೆ ಹೆಡ್‌ಸೆಟ್ ತಪ್ಪಲ್ಲ, ಅಭ್ಯಾಸದಿಂದ ಕಡಿಮೆಯಾಗಬಹುದು. ಮೊದಲನೆಯದರಲ್ಲೇ ಸುತ್ತಿದರೆ ಐಪಿಡಿ ತಪ್ಪಿದೆ, ಟ್ರ್ಯಾಕಿಂಗ್ ನಡುಗುತ್ತಿದೆ ಅಥವಾ ಚಿತ್ರ ತೊದಲುತ್ತಿದೆ; ಹಿಂದಿನ ವಿಭಾಗಗಳಿಗೆ ವಾಪಸು ಹೋಗಿ. ಬೆವರು, ಬಾಯಲ್ಲಿ ನೀರೂರುವುದು ಕಂಡ ತಕ್ಷಣ ತೆಗೆಯಿರಿ. ‘ಇನ್ನೈದು ನಿಮಿಷ ತಡಕೋತೀನಿ’ ಎಂದವರಿಗೆ ಆಮೇಲೆ ಹೆಡ್‌ಸೆಟ್‌ನ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ. ಹೊಟ್ಟೆ ತುಂಬ ಊಟ ಮಾಡಿ ಹಾಕಬೇಡಿ, ಹಾಕಿ ತೆಗೆದ ಕೂಡಲೇ ಸ್ಕೂಟರ್ ಹತ್ತಬೇಡಿ. ಮಕ್ಕಳಿಗೆ ಕ್ವೆಸ್ಟ್‌ನಲ್ಲಿ ಮೆಟಾ ಇಟ್ಟಿರುವ ಕನಿಷ್ಠ ವಯಸ್ಸು 10, ಅದೂ ಹೆತ್ತವರ ಖಾತೆಯ ಅಡಿ. ವಿಷನ್ ಪ್ರೊಗೆ 13.

ಗಡುವಿನ ಹಿಂದಿನ ದಿನ

ಗಡುವು ಏಳು ದಿನವಾದರೆ ಆರನೇ ದಿನ ಸಂಜೆ ನೋಟ್‌ಬುಕ್ಕು ತೆರೆಯಿರಿ. 45 ನಿಮಿಷದ ಅಂಕ, ಒತ್ತಕ್ಷರದ ಜೂಮ್, ವಾಕರಿಕೆಯ ಮೆಟ್ಟಿಲು: ತೂಕ ಇವು ಮೂರಕ್ಕೆ. ಟ್ರ್ಯಾಕಿಂಗ್ ಕೋಣೆಯಿಂದ ಸರಿಹೋಗುತ್ತದೆ, ಚಿತ್ರದ ತೊದಲು ಸೆಟಿಂಗ್‌ನಿಂದ ಸರಿಹೋಗುತ್ತದೆ. ಮುಖಕ್ಕೆ ಹೊಂದದ್ದು ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ. ಆ ಆರು ದಿನದಲ್ಲಿ ಪರೀಕ್ಷೆಗಲ್ಲದೆ, ತಾನಾಗಿ ಬೇಕೆನಿಸಿ ಎಷ್ಟು ಸಲ ಕೈಗೆತ್ತಿಕೊಂಡಿರಿ ಎಂಬುದನ್ನೂ ಬರೆಯಿರಿ. ಎರಡಕ್ಕಿಂತ ಕಡಿಮೆಯಾದರೆ ಹಿಂಜರಿಯದೆ ವಾಪಸು ಕಳಿಸಿ.

ಕಳಿಸುವುದಾದರೆ ಮೊದಲು ಫೋನಿನ ಆ್ಯಪಿನಿಂದ ಹೆಡ್‌ಸೆಟ್ ತೆಗೆದುಹಾಕಿ, ನಿಮ್ಮ ಖಾತೆ ಬಿಡಿಸಿ, ಫ್ಯಾಕ್ಟರಿ ರೀಸೆಟ್ ಮಾಡಿ. ಕಂಟ್ರೋಲರ್‌ನಿಂದ ಸೆಲ್ಲು ತೆಗೆಯಿರಿ. ಲೆನ್ಸಿನ ಮೇಲಿನ ಕಾಗದದ ಮುಚ್ಚಳ, ಮೂಗಿನ ತುಂಡು, ಚಾರ್ಜರ್, ಕೇಬಲ್ ಎಲ್ಲ ಬಂದಂತೆಯೇ ಜೋಡಿಸಿ, ಅದನ್ನೂ ಸೀಲು ಹಾಕುವವರೆಗೆ ಒಂದೇ ವಿಡಿಯೊದಲ್ಲಿ ತೆಗೆದು, ಕೊರಿಯರ್‌ನವರಿಂದ ರಸೀದಿ ಪಡೆಯಿರಿ.